ತಲೆ ಗೊತ್ತಿಲ್ಲದ ಪ್ರಾಣಿಗೊಂದು ಹೆಸರು

“ಇದಕ್ಕೆ ತಲೆ ಯಾವ ಕಡೆ ಮೇಡಂ? ಮೆಷಿನ್ ಕೇಳ್ತಿದೆ.”

ಶಿವಾಜಿನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಭಾನುವಾರ ಬೆಳಿಗ್ಗೆ ರೋಗಿಗಳು ಬರುವ ಮುಂಚೆ, ಅಲ್ಲಿನ ಟೆಕ್ನಿಷಿಯನ್ ನನ್ನನ್ನು ಹೀಗೆ ಕೇಳಿದರು. ಸಿ.ಟಿ. ಯಂತ್ರದ ಮೇಜಿನ ಮೇಲೆ, ಅಕ್ಕಿ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮುಷ್ಟಿಗಿಂತ ಚಿಕ್ಕದಾದ ಒಂದು ಕಪ್ಪು ಕಲ್ಲುಂಡೆ ಕೂತಿತ್ತು. ಅದರೊಳಗೆ ನಲವತ್ತು ಕೋಟಿ ವರ್ಷಕ್ಕೂ ಹಳೆಯ ಒಂದು ಸಮುದ್ರಪ್ರಾಣಿಯಿತ್ತು. ಅದರ ತಲೆ ಯಾವ ಕಡೆ ಎಂದು ಗೊತ್ತಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಈ ಗುಂಪಿನ ಪ್ರಾಣಿಗಳೇ ಹಾಗೆ. ಚಪ್ಪಟೆಯಾದ ಒಂದು ಸೊಟ್ಟ ಚೀಲ, ಮೈತುಂಬ ಸುಣ್ಣದ ಬಿಲ್ಲೆಗಳು, ಒಂದು ತುದಿಗೆ ಗಂಟುಗಂಟಾದ ಕಾಂಡ, ಇನ್ನೊಂದು ತುದಿಗೆ ಎರಡು ಮುಳ್ಳು. ಒಂದು ಮುಳ್ಳು ಉದ್ದ, ಒಂದು ಗಿಡ್ಡ. ಆ ಕಾಂಡ ಬಾಲ ಎಂದು ಅರ್ಧ ಜನ ಹೇಳುತ್ತಾರೆ. ಇಲ್ಲ, ಅದು ಊಟ ಹಿಡಿಯುವ ಕೈ, ಬಾಯಿ ಇರುವುದೇ ಅದರ ಬುಡದಲ್ಲಿ ಎಂದು ಉಳಿದರ್ಧ ಜನ. ನಕ್ಷತ್ರಮೀನಿನ ನೆಂಟನೋ, ನಮ್ಮಂಥ ಬೆನ್ನೆಲುಬಿನವರ ದೂರದ ಅಜ್ಜನೋ ಎಂದೂ ಜಗಳವಾಗಿದೆ. ಎಲ್ಲರೂ ಒಪ್ಪುವ ಮಾತು ಒಂದೇ ಒಂದು. ಚಪ್ಪಟೆ ಮುಖ ಕೆಳಗೆ, ಕಾಂಡ ನಮ್ಮ ಕಡೆಗೆ ಬರುವಂತೆ ಇಟ್ಟುಕೊಂಡು ನೋಡಿದರೆ, ಈವರೆಗೆ ಸಿಕ್ಕ ಹತ್ತಿರದ ಜಾತಿಗಳಲ್ಲೆಲ್ಲ ಉದ್ದ ಮುಳ್ಳು ಎಡಕ್ಕಿದೆ.

ಆ ಕಲ್ಲನ್ನು ಹುಡುಕಿದವನು ನನ್ನ ಜೊತೆ ಕೆಲಸ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿ. ಕಲಬುರಗಿ ಕಡೆಯವನು. ಅಪ್ಪ ತೀರಿಕೊಂಡ ಮೇಲೆ ತಾಯಿ, ಅಕ್ಕನ ಜೊತೆ ಕೆ.ಆರ್. ಪುರದ ಒಂದು ಬಾಡಿಗೆ ಕೋಣೆಗೆ ಬಂದು, ಅಲ್ಲಿಂದಲೇ ಓದಿ ಮೇಲೆ ಬಂದವನು. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ನಾವು ಬಿಡಾರ ಹೂಡಿದ್ದಾಗ, ಜಲ್ಲಿ ಜಾರುವ ಒಂದು ಇಳಿಜಾರನ್ನು ಹತ್ತಿದ್ದ. ಮಧ್ಯಾಹ್ನ ಕೆಳಗಿನಿಂದ ನಾನು ಕೂಗಿದೆ. “ಒಂದು ವಿಚಿತ್ರ ಸಿಕ್ಕಿದೆ ಮೇಡಂ, ಇಳೀತಾ ಇದ್ದೀನಿ” ಎಂದು ಅಲ್ಲಿಂದಲೇ ಕೂಗಿ ಹೇಳಿದ. ಇಳಿಯುವಾಗ ಮೇಲಿನಿಂದ ಬಂಡೆ ಬಂತು. ನಾವು ಹತ್ತಿ ಹೋಗಿ ನೋಡಿದಾಗ ಅವನಿಗೆ ಉಸಿರಿರಲಿಲ್ಲ. ಬಲಗೈ ಮಾತ್ರ ಚೀಲದೊಳಗಿತ್ತು. ಆ ಕಲ್ಲನ್ನು ಹಿಡಿದುಕೊಂಡಿತ್ತು. ಊರಿಗೆ ಒಯ್ದು ಮಣ್ಣು ಮಾಡಿದರು. ನಾನು ಹೋಗಿದ್ದೆ. ಅವನ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಅದಾದ ಮೇಲೆ ಆ ಕಲ್ಲು ಹಲಸೂರಿನ ನಮ್ಮ ಲ್ಯಾಬಿನ ಕಪಾಟಿನಲ್ಲಿ ಬಹಳ ಕಾಲ ಇತ್ತು. ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಕೊನೆಗೆ ನಮ್ಮ ಪ್ರೊಫೆಸರ್, “ಸುಮ್ನೆ ಇಟ್ಕೊಂಡ್ರೆ ಅವನ ಕೆಲಸ ವೇಸ್ಟ್ ಆಗತ್ತಮ್ಮ” ಎಂದರು. ಅದು ಸರಿ ಅನಿಸಿತು. ಉಂಡೆಯ ಒಂದು ಬದಿಯಲ್ಲಿ ಕಾಂಡದ ಎರಡು ಗಂಟು ಮಾತ್ರ ಹೊರಗೆ ಕಾಣುತ್ತಿದ್ದವು. ಉಳಿದದ್ದೆಲ್ಲ ಒಳಗೆ. ಬಿಲ್ಲೆಗಳು ಕಬ್ಬಿಣದ ಅಂಶ ಹೀರಿಕೊಂಡು ಸುತ್ತಲ ಕಲ್ಲಿಗಿಂತ ಭಾರವಾಗಿದ್ದುದರಿಂದ ಎಕ್ಸ್-ರೇಯಲ್ಲಿ ಬೇರೆಯಾಗಿ ಕಾಣುವ ಸಾಧ್ಯತೆ ಇತ್ತು. ಇಂಥದ್ದಕ್ಕೆಂದೇ ಇರುವ ಸೂಕ್ಷ್ಮ ಸ್ಕ್ಯಾನ್ ಯಂತ್ರಕ್ಕೆ ಅರ್ಜಿ ಹಾಕಿದರೆ ಸರದಿ ಬರುವಷ್ಟರಲ್ಲಿ ನನ್ನ ಕೆಲಸದ ಗುತ್ತಿಗೆಯೇ ಮುಗಿಯುತ್ತಿತ್ತು. ಹಾಗಾಗಿ ಮನುಷ್ಯರ ಸ್ಕ್ಯಾನ್ ಮಾಡುವ ಕಡೆ ಹೋದೆ. ಟೆಕ್ನಿಷಿಯನ್ ನಮ್ಮ ಲ್ಯಾಬಿನ ಅಟೆಂಡರಿಗೆ ನೆಂಟರು, ಹಲಸೂರಿನವರೇ. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖ್ಖನಿ, ನನ್ನ ಹತ್ತಿರ ಕನ್ನಡ.

ಮೊದಲ ವಾರ ಪರೀಕ್ಷೆಗೆಂದು ಅವರು ತಮ್ಮ ದೇವರಮನೆಯ ಶಂಖವನ್ನೇ ತಂದಿದ್ದರು. ಯಂತ್ರಕ್ಕೆ ಶಂಖವೂ ಒಬ್ಬ ರೋಗಿ. ಹೆಸರು, ವಯಸ್ಸು ಕೊಡಬೇಕು. ತಲೆ ಮೊದಲು ಒಳಗೆ ಹೋಗುತ್ತದೆಯೋ, ಕಾಲು ಮೊದಲೋ ಎಂದೂ ಹೇಳಬೇಕು. ತಲೆ ಮೊದಲು ಎಂದು ಕೊಟ್ಟರು. ಚಿತ್ರಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಜೋಡಿಸಿದಾಗ ಶಂಖ ಇದ್ದ ಹಾಗೆಯೇ ಬಂತು. ಎಲ್ಲರ ಮನೆಯಲ್ಲಿರುವಂಥ ಎಡಮುರಿ ಶಂಖ. ಮಾಡುವ ಕ್ರಮ ಸರಿಯಿದೆ ಎಂದು ಧೈರ್ಯ ಬಂತು.

ಮರುವಾರ ಕಲ್ಲಿನ ಸರದಿ. ತಲೆ ಯಾವ ಕಡೆ ಎಂದು ಅವರು ಕೇಳಿದ್ದು ಆಗಲೇ.

“ಅದೇ ಗೊತ್ತಿಲ್ಲ ಅಂತಾನೇ ಬಂದಿರೋದು,” ಎಂದೆ. ನಾನು ಮೊದಲೇ ಮುಂಗೋಪಿ.

“ಹಂಗಂದ್ರೆ ಹೆಂಗೆ ಮೇಡಂ, ಏನಾದ್ರೂ ಒಂದು ಒತ್ತಲೇಬೇಕು. ಇಲ್ಲಾಂದ್ರೆ ಮುಂದೆ ಹೋಗಲ್ಲ ಇದು.” ಅವರು ಒಂದು ಕ್ಷಣ ಯೋಚಿಸಿ ನಕ್ಕರು. “ಸತ್ತಿರೋದು ತಾನೆ? ಕಾಲು ಮುಂದೆ ಅಂತ ಕೊಡ್ತೀನಿ. ನಮ್ ಬೀದೀಲಿ ಸತ್ತೋರನ್ನ ಮನೆಯಿಂದ ಕಾಲು ಮುಂದೆ ಮಾಡಿಯೇ ತೆಗೆಯೋದು.”

ನನಗೂ ನಗು ಬಂತು. “ಕೊಡಿ,” ಎಂದೆ. ಪಾಪದ ಕಲ್ಲಿಗೂ ಒಂದು ಮರ್ಯಾದೆ ಸಿಕ್ಕಿತಲ್ಲ ಎಂದುಕೊಂಡೆ. ಅವರು ಗುಂಡಿ ಒತ್ತಿದರು, ಮೇಜು ಒಳಗೆ ಸರಿಯಿತು. ಚಿತ್ರಗಳನ್ನು ಸಿ.ಡಿ.ಗೆ ಹಾಕಿಕೊಟ್ಟರು. ರೋಗಿಗಳ ಸಂಖ್ಯೆ ಹೆಚ್ಚಾದಂತೆ ಯಂತ್ರದ ಹಳೆಯ ಕಡತಗಳು ತಾವಾಗಿ ಅಳಿಸಿಹೋಗುವುದು ಅಲ್ಲಿನ ಪದ್ಧತಿ. ಮೂಲ ಕಡತ ಹಾಗೆಯೇ ಹೋಯಿತು. ನನ್ನ ಬಳಿ ಉಳಿದದ್ದು ಸಾಲಾಗಿ ಸಂಖ್ಯೆ ಹಾಕಿದ ಬರೀ ಚಿತ್ರಗಳು.

ಮುಂದಿನದು ಕಣ್ಣು ಸವೆಯುವ ಕೆಲಸ. ಒಂದೊಂದು ಚಿತ್ರದಲ್ಲೂ ಬಿಲ್ಲೆಯ ಅಂಚನ್ನು ಕೈಯಲ್ಲೇ ಎಳೆಯಬೇಕು. ಆಸ್ಪತ್ರೆಯ ಯಂತ್ರ ಮೂಳೆ ಮುರಿತ ನೋಡಲು ಮಾಡಿದ್ದು, ಅಕ್ಕಿಕಾಳಿನಂಥ ಬಿಲ್ಲೆ ನೋಡಲು ಅಲ್ಲ. ಬೂದುಬಣ್ಣದಲ್ಲಿ ಬೂದು ಕಲೆ. ಕಗ್ಗದಾಸಪುರದ ನನ್ನ ಮನೆಯಲ್ಲಿ, ಕೆಳಗೆ ನೀರಿನ ಟ್ಯಾಂಕರು, ಪಕ್ಕದಲ್ಲಿ ಡ್ರಿಲ್ಲಿಂಗು, ಅದರ ನಡುವೆ ಕೂತು ಎಳೆದೆ. ತಿಂಗಳುಗಟ್ಟಲೆ ಎಳೆದೆ. ಕೊನೆಗೆ ಪ್ರಾಣಿ ಪರದೆಯ ಮೇಲೆ ಎದ್ದು ಕೂತಿತು. ಚಪ್ಪಟೆ ಮುಖ ಕೆಳಗೆ, ಕಾಂಡ ನನ್ನ ಕಡೆ. ಉದ್ದ ಮುಳ್ಳು ಬಲಕ್ಕಿತ್ತು.

ಉಳಿದ ಲಕ್ಷಣಗಳೆಲ್ಲ ಗೊತ್ತಿರುವ ಒಂದು ಹಳೆಯ ಜಾತಿಯಂತೆಯೇ ಇದ್ದವು. ಆ ಜಾತಿಯ ಲ್ಯಾಟಿನ್ ಹೆಸರಿಗೆ ‘ಸೊಟ್ಟ’ ಎಂದು ಅರ್ಥ. ಆದರೆ ಇದರ ಸೊಟ್ಟ ಇನ್ನೊಂದು ಕಡೆಗೆ. ಇಡೀ ಗುಂಪಿನಲ್ಲಿ ಇಂಥದ್ದು ಇನ್ನೊಂದಿಲ್ಲ. ಹೊಸ ಜಾತಿ. ಹೊಸ ಜಾತಿಗೆ ಹೊಸ ಹೆಸರು ಬೇಕು, ಆ ಹೆಸರು ಯಾರದೆಂದು ಚರ್ಚೆಯೇ ಇರಲಿಲ್ಲ. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಎತ್ತು ಈದಿದೆ ಎಂದರೆ ಕರು ಕಟ್ಟಿಹಾಕು ಎನ್ನುವವರು ಬೇರೆ ಎಲ್ಲೋ ಇರುತ್ತಾರೆ ಎಂದುಕೊಂಡಿದ್ದೆ.

ನಮ್ಮಲ್ಲೊಂದು ನಿಯಮವಿದೆ. ಲೇಖನ ಅಚ್ಚಾಗುವವರೆಗೆ ಹೊಸ ಹೆಸರನ್ನು ಹೊರಗೆ ಹೇಳಬಾರದು. ಪ್ರೊಫೆಸರ್ ಆ ನಿಯಮವನ್ನು ನಮಗೆಲ್ಲ ಕಲಿಸಿದವರು. ಅವರೇ ಅವನ ತಾಯಿಗೆ ಫೋನ್ ಮಾಡಿ ಹೇಳಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವುದು ಅವರಿಗೂ ಗೊತ್ತಿರದ ಗಾದೆಯೇನಲ್ಲ.

ಒಂದು ವಾರದ ನಂತರ ಆಕೆಯಿಂದ ನನಗೆ ಕರೆ ಬಂತು. ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ ನೆಲ ಒರೆಸುವ ಕೆಲಸ ಆಕೆಯದು. ಬಿಡುವಿರುವುದು ಭಾನುವಾರ.

“ಅಕ್ಕೋರೆ, ಐತವಾರ ಬರ್ರಿ. ಹೆಸರಿಡೋದು ಅದ.”

“ಯಾರಿಗಮ್ಮ?”

“ಅದಕ್ಕ ರೀ. ನನ್ನ ಮಗಂದು ಹೆಸರು ಇಡ್ಲಿಕತ್ತೀರಲ್ಲ, ಆ ಪ್ರಾಣಿಗಿ.”

ಏನು ಹೇಳಲಿ? ಬೇಡ ಎನ್ನಲು ಬಾಯಿ ಬರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಮಾತು ನೆನಪಾಯಿತು. ಆದರೂ ಇಂದಿರಾನಗರದ ಒಂದು ಅಂಗಡಿಯಲ್ಲಿ ಪ್ರಾಣಿಯ ಮಾದರಿಯನ್ನು ಬಿಳಿ ಪ್ಲಾಸ್ಟಿಕ್ಕಿನಲ್ಲಿ, ಅಂಗೈಯಗಲಕ್ಕೆ ದೊಡ್ಡದು ಮಾಡಿ, ತ್ರೀಡಿ ಪ್ರಿಂಟ್ ಮಾಡಿಸಿಕೊಂಡೆ. ಟೆಕ್ನಿಷಿಯನ್ನರೂ ಬರುತ್ತೇನೆಂದರು.

ಶೀಟು ಹೊದಿಸಿದ ಸಾಲು ಕೋಣೆಗಳ ವಠಾರ ಅದು. ಊರ ಕಡೆಯ ಹೆಂಗಸರು ತುಂಬಿಕೊಂಡಿದ್ದರು. ಒಳಗೆ ಒಂದು ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ತೊಟ್ಟಿಲು ಮಾಡಿದ್ದರು. ತಾಯಿ ನನ್ನ ಕೈಯಿಂದ ಮಾದರಿಯನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಇದಕ್ಕ ಮಾರಿ ಯಾವ ಕಡಿ ಅದ ಅಕ್ಕೋರೆ?”

“ಅದು ಯಾರಿಗೂ ಗೊತ್ತಿಲ್ಲಮ್ಮ.”

“ಕಿವಿ?”

“ಕಿವಿ ಇಲ್ಲ.”

“ಇರ್ಲಿ ಬಿಡ್ರಿ. ಎಲ್ಲ್ಯರ ಒಂದು ಕಡಿ ಊದಿದ್ರಾತು.” ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತ ನನ್ನ ಮುಖ ನೋಡದೆ ಹೇಳಿದರು, “ನಮ್ಮಾಗ ಸತ್ತೋರ ಹೆಸರು ಮೊಮ್ಮಕ್ಕಳಿಗಿ ಇಡ್ತಾರ ರೀ. ಅಂವಗ ಲಗ್ನ ಆಗ್ಲಿಲ್ಲ. ಇನ್ನ ಅವನ ಹೆಸರು ಹಿಡದು ಕರೆಯೋರು ಯಾರದಾರ? ಇದಾ ಅದ.”

ಅವನ ಅಕ್ಕ ತೊಟ್ಟಿಲಿಗೆ ಬಾಗಿ, ಆ ಬಿಳಿ ಪ್ಲಾಸ್ಟಿಕ್ಕಿನ ಹತ್ತಿರ ಬಾಯಿ ಇಟ್ಟು “ಕುರ್ರ್ರ್” ಎಂದು ಊದಿ ತಮ್ಮನ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ನಗುವ ಶಾಸ್ತ್ರ ಅದು, ಎಲ್ಲ ಕಡೆಯೂ ನಗುತ್ತಾರೆ. ಅಲ್ಲಿ ಯಾರೂ ನಗಲಿಲ್ಲ. ಗುಗ್ಗರಿ ಹಂಚಿದರು. ಟೆಕ್ನಿಷಿಯನ್ ಗುಗ್ಗರಿಯ ತಟ್ಟೆ ಹಿಡಿದುಕೊಂಡು ಹೊರಗೆ ಹೋಗಿ ನಿಂತರು. ಮಾದರಿಯನ್ನು ಗೋಡೆಯ ಗೂಡಿನಲ್ಲಿ ಅವನ ಫೋಟೋದ ಪಕ್ಕ ಇಟ್ಟರು.

ಲೇಖನವನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು. ಪರಿಶೀಲಕರ ಉತ್ತರ ಬಂತು. ಹೆಸರು ಹೇಳದ ಯಾರೋ ಒಬ್ಬರು, ಸಭ್ಯವಾಗಿಯೇ ಬರೆದಿದ್ದರು. ಇರುವುದು ಒಂದೇ ಮಾದರಿ. ಕಲ್ಲಿನೊಳಗೆ ಒತ್ತಡಕ್ಕೆ ಸಿಕ್ಕಿ ತಿರುಚಿಕೊಂಡದ್ದೂ ಆಗಿರಬಹುದು. ಮುಳ್ಳು ಮಾತ್ರವಲ್ಲ, ಒಳಗಿನ ಸಣ್ಣ ಬಿಲ್ಲೆಗಳ ಜೋಡಣೆಯೂ ಹೀಗೆಯೇ ಬಲ-ಎಡ ಅದಲುಬದಲಾಗಿದೆ ಎಂದು ತೋರಿಸಿ. ಅದು ಆ ಸ್ಕ್ಯಾನಿನಲ್ಲಿ ಕಾಣುವಷ್ಟು ಸ್ಪಷ್ಟವಿರಲಿಲ್ಲ. ಎರಡೇ ದಾರಿ. ಸೂಕ್ಷ್ಮ ಸ್ಕ್ಯಾನಿನ ಸರದಿಗೆ ಕಾಯುವುದು, ಇಲ್ಲವೇ ಕಲ್ಲನ್ನೇ ಕತ್ತರಿಸಿ ನೋಡುವುದು.

“ಕಾಯೋಣ” ಎಂದು ಒಂದು ಸಲ ಬಾಯಿಗೆ ಬಂತು. ಆದರೆ ನನ್ನ ಗುತ್ತಿಗೆ ಮುಗಿಯುವುದರಲ್ಲಿತ್ತು. ವಾರಕ್ಕೊಮ್ಮೆ ಆಕೆಯ ಫೋನ್ ಬರುತ್ತಿತ್ತು, “ಅಚ್ಚಾತೇನ್ರಿ ಅಕ್ಕೋರೆ?” ಎಂದು. ಪ್ರೊಫೆಸರ್ ನನಗೇ ಬಿಟ್ಟರು. ಕತ್ತರಿಸೋಣ ಎಂದೆ.

ಗರಗಸದ ಅಲಗಿನ ಅಂಚಿಗೆ ವಜ್ರದ ಪುಡಿ ಕೂರಿಸಿರುತ್ತಾರೆ. ನೀರು ಬಿಡುತ್ತ ನಿಧಾನ ಕೊಯ್ಯಬೇಕು. ನಾನು ನಿಧಾನವಾಗಿಯೇ ಕೊಯ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿದ್ದ ಕಾಣದ ಬಿರುಕೊಂದು ಬಾಯಿಬಿಟ್ಟು, ಉಂಡೆ ಮೂರು ಚೂರಾಗಿ ತಟ್ಟೆಯೊಳಗೆ ಬಿತ್ತು. ಆ ಸದ್ದು ದೊಡ್ಡದೇನಲ್ಲ. ಗರಗಸ ನಿಲ್ಲಿಸಿದೆ. ಚೂರುಗಳನ್ನು ಹೊಂದಿಸಿ, ಅಚ್ಚಿನಲ್ಲಿಟ್ಟು, ರಾಳ ಸುರಿದು, ಗುಳ್ಳೆ ಹೋಗಲೆಂದು ಗಾಳಿ ಎಳೆಯುವ ಪಾತ್ರೆಯಲ್ಲಿಟ್ಟು ಗಟ್ಟಿ ಮಾಡಿದೆ. ಇನ್ನು ಒಂದೇ ಮಾರ್ಗ. ಗಾಜಿನ ಹಲಗೆಯ ಮೇಲೆ ಉಜ್ಜುವ ಪುಡಿ ಹಾಕಿ, ಕೂದಲೆಳೆಯಷ್ಟು ಉಜ್ಜುವುದು, ತೊಳೆಯುವುದು, ಫೋಟೋ ತೆಗೆಯುವುದು, ಮತ್ತೆ ಉಜ್ಜುವುದು. ಒಂದು ಪದರ ನೋಡಬೇಕಾದರೆ ಅದರ ಮೇಲಿನ ಪದರ ಹೋಗಬೇಕು. ಕೊನೆಗೆ ಪ್ರಾಣಿಯ ಪೂರ್ತಿ ಚಿತ್ರ ಇರುತ್ತದೆ, ಪ್ರಾಣಿ ಇರುವುದಿಲ್ಲ.

ದಿನವೂ ಬೆಳಿಗ್ಗೆ ಉಜ್ಜಿದೆ, ಮಧ್ಯಾಹ್ನ ಫೋಟೋಗಳನ್ನು ಹೊಂದಿಸಿದೆ. ಕಾಂಡ ಮುಗಿದು, ಚೀಲ ಮುಗಿಯುತ್ತ ಬಂದು, ಮುಳ್ಳುಗಳ ಬುಡ ಕಾಣತೊಡಗಿದ ದಿನ ನಾನು ಫೋಟೋ ತಿರುಗುಮುರುಗಾಗಿದೆ ಎಂದುಕೊಂಡೆ. ದಪ್ಪ ಬುಡ, ಅಂದರೆ ಉದ್ದ ಮುಳ್ಳಿನ ಬುಡ, ಎಡಕ್ಕಿತ್ತು. ಕ್ಯಾಮೆರಾ ಬಿಟ್ಟು ಬರಿಗಣ್ಣಿಂದ ನೋಡಿದೆ. ಅಚ್ಚಿನ ಮೇಲೆ ನಾನೇ ಹಾಕಿದ ಬಾಣದ ಗುರುತು ನೋಡಿದೆ. ಎಡಕ್ಕೇ ಇತ್ತು. ಆಗಲೇ ಮುಕ್ಕಾಲು ಪಾಲು ಬೂದು ಕೆಸರಾಗಿ ಚರಂಡಿ ಸೇರಿತ್ತು.

ಸ್ಕ್ಯಾನೋ, ಕಲ್ಲೋ, ಒಂದು ಸುಳ್ಳು ಹೇಳುತ್ತಿತ್ತು. ಕಲ್ಲು ಸುಳ್ಳು ಹೇಳುವುದಿಲ್ಲ. ಶಿವಾಜಿನಗರಕ್ಕೆ ಫೋನ್ ಮಾಡಿದೆ.

“ಶಂಖ ತಗೊಂಡು ಬನ್ನಿ. ಈ ಸಲ ಕಾಲು ಮುಂದೆ ಅಂತ ಕೊಟ್ಟು ಸ್ಕ್ಯಾನ್ ಮಾಡೋಣ.”

ಭಾನುವಾರ ಮತ್ತೆ ಅದೇ ಮೇಜು, ಅದೇ ಅಕ್ಕಿ, ಅದೇ ಶಂಖ. ನಾನು ಅಲ್ಲೇ ಕೂತು ಚಿತ್ರಗಳನ್ನು ಜೋಡಿಸಿದೆ. ಪರದೆಯ ಮೇಲೆ ಶಂಖ ನಿಧಾನವಾಗಿ ಮೂಡಿತು. ಟೆಕ್ನಿಷಿಯನ್ ಬಗ್ಗಿ ನೋಡಿದರು. ಒಮ್ಮೆ ಕೈಯಲ್ಲಿದ್ದ ಶಂಖ, ಒಮ್ಮೆ ಪರದೆ.

“ಇದು ಬಲಮುರಿ ಅಲ್ವಾ ಮೇಡಂ?”

“ಹೌದು.”

“ನಮ್ಮನೇದು ಎಡಮುರಿ.”

ಸಾವಿರದಲ್ಲೊಂದು ಸಿಕ್ಕಿದರೆ ಪೂಜೆಗಿಡುವ ಬಲಮುರಿ ಶಂಖವನ್ನು ನಾವು ಒಂದು ಗುಂಡಿ ಒತ್ತಿ ಮಾಡಿದ್ದೆವು. ಕಾರಣ ಕೂಡಲೇ ಹೊಳೆಯಿತು. ತಲೆ ಮೊದಲು ಹೋದರೆ ಚಿತ್ರಗಳ ಸಂಖ್ಯೆ ತಲೆಯಿಂದ ಕಾಲಿಗೆ ನಡೆಯುತ್ತದೆ. ಕಾಲು ಮೊದಲು ಎಂದರೆ ಕಾಲಿನಿಂದ ತಲೆಗೆ. ಮೂಲ ಕಡತದಲ್ಲಿ ಅದರ ಗುರುತಿರುತ್ತದೆ, ಬರೀ ಚಿತ್ರಗಳಲ್ಲಿ ಇರುವುದಿಲ್ಲ. ನನ್ನ ಸಾಫ್ಟ್‌ವೇರ್ ಒಂದನೆಯ ಚಿತ್ರ ಯಾವಾಗಲೂ ತಲೆಯದೇ ಎಂದು ನಂಬಿ, ಕಾಲಿನ ಕಡೆಯ ಚಿತ್ರವನ್ನು ತಲೆಯ ಜಾಗದಲ್ಲಿಟ್ಟು ಜೋಡಿಸಿತ್ತು. ಹಾಗೆ ಜೋಡಿಸಿದರೆ ಎಡದ್ದು ಬಲಕ್ಕೆ ಬರುತ್ತದೆ, ಕನ್ನಡಿಯಲ್ಲಿ ಬಂದ ಹಾಗೆ.

“ನಂದೇ ತಪ್ಪಾಯ್ತು ಮೇಡಂ. ತಮಾಷೆ ಮಾಡ್ಬಾರ್ದಿತ್ತು ಸತ್ತಿರೋದ್ರ ಹತ್ರ,” ಎಂದರು. ತಲೆ ಯಾವ ಕಡೆ ಎಂಬುದೇ ಗೊತ್ತಿಲ್ಲದ ಪ್ರಾಣಿಗೆ ಯಾವುದನ್ನು ಒತ್ತಿದ್ದರೂ ಅದು ಊಹೆಯೇ ಎಂದು ಸಮಾಧಾನ ಹೇಳಿದೆ. ನನಗೇ ಸಮಾಧಾನವಿರಲಿಲ್ಲ.

ನಮ್ಮ ಪ್ರಾಣಿ ಹೊಸದಲ್ಲ. ಮೊದಲೇ ಹೆಸರಿದ್ದ ಆ ‘ಸೊಟ್ಟ’ವೇ.

ಪ್ರೊಫೆಸರಿಗೆ ಎಲ್ಲ ಹೇಳಿದೆ.

“ಕಲ್ಲು ಎಷ್ಟು ಉಳಿದಿದೆ?”

“ಮುಳ್ಳಿನ ಸ್ವಲ್ಪ ಭಾಗ ಅಷ್ಟೆ ಸರ್. ಅದನ್ನೂ ಉಜ್ಜಿ ಮುಗಿಸ್ದೆ ಜೋಡಣೆ ಪೂರ್ತಿ ಸಿಗಲ್ಲ.”

“ಅಂದ್ರೆ ಉಳಿಯೋದು ನಿನ್ನ ಫೋಟೋಗಳು ಮಾತ್ರ.” ಸ್ವಲ್ಪ ಬಿಟ್ಟು, “ಫೋಟೋಗೆ ಎಡ ಬಲ ಇರ್ತದೇನಮ್ಮ? ನಾನಂತೂ ಕಲ್ಲಿನ ಒಳಗೆ ನೋಡಿಲ್ಲ. ಆಕೆ ಮುಖ ನೋಡಿದೀನಿ,” ಎಂದರು.

ಅರ್ಥವಾಯಿತು. ಒಂದು ಕ್ಲಿಕ್ಕು. ಎಲ್ಲ ಫೋಟೋಗಳನ್ನೂ ಒಟ್ಟಿಗೆ ಆರಿಸಿ, ಅಡ್ಡಡ್ಡ ತಿರುವಿದರೆ ಒಳಬಿಲ್ಲೆಗಳೆಲ್ಲ ಪರಿಶೀಲಕರು ಕೇಳಿದ ಹಾಗೆಯೇ ಅದಲುಬದಲಾಗಿ ನಿಲ್ಲುತ್ತವೆ. ಯಾರೂ ಕಲ್ಲು ಕೇಳುವಂತಿಲ್ಲ. ಆ ತಾಯಿಗೆ ಹೆಸರು ಉಳಿಯುತ್ತದೆ. ನಾನು ಮನೆಗೆ ಹೋಗಿ ನಿಜವಾಗಿಯೂ ತಿರುವಿ ನೋಡಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಹಾಗೆಯೇ ಇಟ್ಟುಕೊಂಡು ಒಂದು ವಾರ ಯಾರಿಗೂ ಏನೂ ಹೇಳದೆ ಓಡಾಡಿದೆ. ಇದರಿಂದ ಯಾರಿಗೆ ನಷ್ಟ ಎಂದು ನನ್ನನ್ನೇ ಕೇಳಿಕೊಂಡೆ, ಯಾರಿಗೂ ಇಲ್ಲ ಎಂದು ನಾನೇ ಉತ್ತರಿಸಿಕೊಂಡೆ.

ಆ ವಾರದ ಕೊನೆಯಲ್ಲಿ ಲ್ಯಾಬಿನ ಸಭೆಯಲ್ಲಿ ಮುಂದಿನ ಬೇಸಿಗೆಯ ಮಾತು ಬಂತು. ಹೊಸದಾಗಿ ಸೇರಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಬಲಮುಳ್ಳಿನ ಎರಡನೇ ಮಾದರಿ ಹುಡುಕೋಕೆ ನಾನು ಹೋಗ್ತೀನಿ ಸರ್. ಅದೇ ಇಳಿಜಾರಲ್ಲಿ ಇನ್ನೂ ಸಿಗಬಹುದು,” ಎಂದಳು. ಅವಳ ಕಣ್ಣಿನಲ್ಲಿ ಆಸೆಯಿತ್ತು. ಆ ಇಳಿಜಾರಿನಲ್ಲಿ ಜಲ್ಲಿ ಜಾರುವ ಸದ್ದು ನನಗೆ ಸಭೆಯ ನಡುವೆಯೇ ಕೇಳಿಸಿತು. ಎಲ್ಲೂ ಇಲ್ಲದ ಪ್ರಾಣಿಯನ್ನು ಹುಡುಕುತ್ತ ಇವಳು ಅಲ್ಲಿ ಹತ್ತುತ್ತಾಳೆ. ಇವಳಿಗೆ ಸಿಗದಿದ್ದರೆ ಮುಂದಿನ ವರ್ಷ ಇನ್ನೊಬ್ಬರು ಹತ್ತುತ್ತಾರೆ.

“ಬಲಮುಳ್ಳು ಇಲ್ಲ,” ಎಂದೆ. “ನಮ್ಮ ಸ್ಕ್ಯಾನ್ ತಲೆಕೆಳಗಾಗಿತ್ತು. ಲೇಖನ ವಾಪಸ್ ತಗೋತಿದ್ದೀನಿ.” ಪ್ರೊಫೆಸರ್ ನನ್ನ ಕಡೆ ನೋಡಲಿಲ್ಲ. ಅಂದೇ ಬರೆದು ಕಳಿಸಿದೆ. ಉಳಿದಷ್ಟನ್ನೂ ಉಜ್ಜಿ ಮುಗಿಸಿ, ಗೊತ್ತಿರುವ ಜಾತಿಯೇ ಸ್ಪಿತಿಯಲ್ಲೂ ಇತ್ತು ಎಂಬ ಒಂದು ಚಿಕ್ಕ ಟಿಪ್ಪಣಿಯಾಗಿ ಬರೆದೆ. ಸಂಗ್ರಹಿಸಿದವರು ಎಂಬ ಸಾಲಿನಲ್ಲಿ ಅವನ ಹೆಸರಿದೆ. ಓದುವವರು ಕಡಿಮೆ.

ಆಮೇಲೆ ಕೆ.ಆರ್. ಪುರಕ್ಕೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ.

ಸಂಜೆಯಾಗಿತ್ತು. ಆಕೆ ಕೆಲಸದಿಂದ ಆಗಷ್ಟೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದರು. ನನ್ನ ಕೈಯಲ್ಲಿ ಸಿಹಿ ಇಲ್ಲದ್ದನ್ನು ನೋಡಿದರು ಎನಿಸುತ್ತದೆ; ಏನೂ ಕೇಳದೆ “ಕುಂದರ್ರಿ” ಎಂದರು. ನಾನು ಆ ಚಪ್ಪಲಿಗಳನ್ನೇ ತೋರಿಸಿ ಹೇಳಿದೆ. ಎಡಗಾಲಿನದ್ದನ್ನು ಕನ್ನಡಿಗೆ ಹಿಡಿದರೆ ಬಲಗಾಲಿನದರಂತೆ ಕಾಣುತ್ತದಲ್ಲಮ್ಮ, ಹಾಗೆ ನಾವು ಕನ್ನಡಿಯಲ್ಲಿ ಕಂಡದ್ದನ್ನು ಹೊಸದು ಅಂದುಕೊಂಡೆವು, ಅದು ಹಳೆಯದೇ, ಅದಕ್ಕೆ ಬೇರೆ ಹೆಸರು ಮೊದಲೇ ಇದೆ.

“ಯಾರ ಹೆಸರು?”

“ಮನುಷ್ಯರದಲ್ಲಮ್ಮ. ಸೊಟ್ಟ ಅಂತ ಅರ್ಥ ಬರೋ ಹೆಸರು.”

“ಸೊಟ್ಟ,” ಎಂದರು. ಆ ಮಾತನ್ನು ಬಾಯಿಯಲ್ಲಿಟ್ಟುಕೊಂಡು ರುಚಿ ನೋಡಿದ ಹಾಗೆ. ಮಗಳು ಒಲೆಯ ಬಳಿಯಿಂದ ಎದ್ದು ಬಂದು ತಾಯಿಯ ಹಿಂದೆ ನಿಂತಳು.

“ಕ್ಷಮಿಸಿ ಅಮ್ಮ,” ಎಂದೆ.

“ನೀವರ ಏನ್ ಮಾಡ್ತೀರಿ. ಸುಳ್ಳು ಹೆಸರು ತಗೊಂಡು ನಾನರ ಏನ್ ಮಾಡ್ಲಿ.” ಸೆರಗಿನಿಂದ ಮುಖ ಒರೆಸಿಕೊಂಡರು. “ಹೋಗ್ಲಿ ಬಿಡ್ರಿ. ಆ ಕಲ್ಲು ಕೊಡ್ರಿ ನಂಗ.”

ಇದೊಂದನ್ನು ನಾನು ಯೋಚಿಸಿರಲಿಲ್ಲ. ಹೆಸರಿನ ಬಗ್ಗೆ, ಲೇಖನದ ಬಗ್ಗೆ, ಎಡಬಲದ ಬಗ್ಗೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

“ಕಲ್ಲು ಇಲ್ಲಮ್ಮ.”

“ಇಲ್ಲಂದ್ರ?”

“ಒಳಗೆ ನೋಡೋಕೆ ಉಜ್ಜಬೇಕಾಯ್ತು. ಪೂರ್ತಿ ಉಜ್ಜಿಬಿಟ್ಟೆ.”

ಆಕೆ ನನ್ನನ್ನೇ ನೋಡಿದರು. ಊರಿನಲ್ಲಿ ಮಣ್ಣು ಮಾಡಿದ ದಿನ ಬೈಯದಿದ್ದ ಕಣ್ಣುಗಳು ಅವು. “ಸಾಯೋ ಹೊತ್ತಿನಾಗ ಅಂವ ಹಿಡ್ಕೊಂಡಿದ್ದ ಕಲ್ಲು ಅಕ್ಕೋರೆ ಅದು,” ಎಂದರು. “ಹೆಸರು ನಾನೇನ್ ಕೇಳಿದ್ನಾ? ನೀವಾ ಕೊಡ್ತೀನಂದ್ರಿ. ಕೇಳೋದಾಗಿದ್ರ ಕಲ್ಲು ಕೇಳ್ತಿದ್ದೆ.”



ಆಕೆ ಎದ್ದು ಗೂಡಿನಿಂದ ಬಿಳಿ ಮಾದರಿಯನ್ನು ತೆಗೆದರು. ಅದರ ಮೇಲಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿದರು, ಸಂದಿಯಲ್ಲಿದ್ದದ್ದನ್ನು ಉಗುರಿನಿಂದ ಕೆರೆದು ತೆಗೆದರು. ನನ್ನ ಕೈಗಿಟ್ಟರು.

“ಒಯ್ರಿ ಇದನ್ನ. ಇದು ಅವಂದಲ್ಲ.”

ಮನೆಗೆ ಹೋಗದೆ ಲ್ಯಾಬಿನ ಕಡೆ ಹೊರಟೆ, ಮೆಟ್ರೋದಲ್ಲಿ ಸೀಟು ಸಿಕ್ಕಿತು. ಹೊರಗೆ ಕತ್ತಲಾಗಿತ್ತು. ಚೀಲ ತಂದಿರಲಿಲ್ಲವಾದ್ದರಿಂದ ಮಾದರಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಅಭ್ಯಾಸದಂತೆ ಚಪ್ಪಟೆ ಮುಖ ಕೆಳಗೆ ಮಾಡಿ. ಬೆನ್ನಿಗನಹಳ್ಳಿ ದಾಟಿದ ಮೇಲೆ ಎದುರಿನ ಕಿಟಕಿಯ ಗಾಜಿನಲ್ಲಿ ನಾನು ಕಂಡೆ, ನನ್ನ ತೊಡೆಯ ಮೇಲೆ ಅದೂ ಕಂಡಿತು. ಗಾಜಿನೊಳಗೆ ಉದ್ದ ಮುಳ್ಳು ಸರಿಯಾದ ಕಡೆಗಿತ್ತು. ಅವನಿಗೆ ಸಿಕ್ಕಿದ್ದು ಅದು. ಇಂದಿರಾನಗರದಲ್ಲಿ ಜನ ಹತ್ತಿ ಅಡ್ಡ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದೆ.